ಬೀಗ ಬಿದ್ದ ಮಠಕ್ಕೆ ಬುಟ್ಟಿ ರೊಟ್ಟಿ

ಸ್ವಾಮಿಗಳು ತೀರಿಕೊಂಡ ಮೇಲೆ ಟ್ರಸ್ಟಿನವರು ನಮ್ಮೂರ ಮಠಕ್ಕೆ ಬೀಗ ಹಾಕಿ, ಅದರ ಹೊಲವನ್ನು ವಿರುಪಾಕ್ಷಪ್ಪನಿಗೆ ಗೇಣಿಗೆ ಕೊಟ್ಟರು. ದಾಸೋಹ ನಿಂತಿತು. ಅಲ್ಲಿ ಉಣ್ಣುತ್ತಿದ್ದ ಕಬ್ಬು ಕಡಿಯುವವರ ಊಟ ತಪ್ಪಿತು. ಅಡುಗೆಯ ತುಳಸವ್ವನಿಗೆ ಕೆಲಸವೂ ಹೋಯಿತು, ಮಲಗುವ ಕೋಣೆಯೂ ಹೋಯಿತು. ಸೋಮವಾರ ಅವಳು ಬೀಡಿ ಕಟ್ಟಲು ನಿಪ್ಪಾಣಿಗೆ ಹೊರಟು, ಮಠದ ಮುಂದೆ ಬಸ್ಸಿಗೆ ಕಾಯುತ್ತಿದ್ದಳು.

ಪ್ರತಿ ಸೋಮವಾರ ಮನೆಗೊಂದು ಬುಟ್ಟಿ ರೊಟ್ಟಿ ಮಠಕ್ಕೆ ಕೊಡುವುದು ನಮ್ಮ ರೂಢಿ. ಮಠ ಮುಚ್ಚಿದ್ದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಾನು ಬುಟ್ಟಿ ಹೊತ್ತು ಹೋದರೆ ಊರ ಹೆಂಗಸರೆಲ್ಲ ಅಲ್ಲೇ! ಕಟ್ಟೆಯ ಮೇಲೆ ರೊಟ್ಟಿ ಸೊಂಟದೆತ್ತರ. ನಕ್ಕು ನಕ್ಕು ಪಕ್ಕದ ಮನೆಯ ಸೀಮಾ ನೆಲಕ್ಕೇ ಕೂತಳು.

"ಎಲ್ಲಾರೂ ಹುಚ್ಚರಾಗೀರೇನ? ಪಲ್ಯಾ ಯಾರ ಮಾಡ್ತಾರ?" ಎಂದಳು ತುಳಸವ್ವ.

ಅಷ್ಟರಲ್ಲಿ ವಿರುಪಾಕ್ಷಪ್ಪ ಟ್ರ್ಯಾಕ್ಟರಿನಲ್ಲಿ ಬದನೆಕಾಯಿ ಹೇರಿಕೊಂಡು ಅಥಣಿಗೆ ಹೊರಟಿದ್ದ. ನಾನು ಅಡ್ಡ ನಿಂತೆ.

"ಏ ಕಾಕಾ, ಮಠದ ಹೊಲದ ಬದನಿಕಾಯಿ ಮಠಾ ದಾಟಿ ಹೊಂಟಾವಲ್ಲ, ನಾಚಿಕಿ ಬರೂದಿಲ್ಲೇನ?"

"ಬದನಿಕಾಯಿಗೋ, ನನಗೋ?" ಎಂದು ನಗುತ್ತ ಇಳಿದ. "ತಗೋರಿ, ಎರಡ ಚೀಲ."

ನಾವು ಎಲ್ಲ ಚೀಲ ಇಳಿಸಿದೆವು. "ಏ, ಏ!" ಅಂದ. ಯಾರು ಕೇಳಬೇಕು?

ಮನೆಗಳಿಂದ ಪಾತ್ರೆ, ಎಣ್ಣೆ ತಂದು, ಬೇವಿನ ಮರದಡಿ ಕಲ್ಲು ಹೂಡಿ ಒಲೆ ಹಚ್ಚಿದೆವು. ಹೊಗೆ ಕಂಡು ಕಬ್ಬು ಕಡಿಯುವವರೂ ಬಂದು ಸಾಲಾಗಿ ಕೂತರು. ತುಳಸವ್ವ ಒಗ್ಗರಣೆ ಹಾಕುವಾಗಲೇ ಬಸ್ಸು ಬಂತು.

"ನಿಪ್ಪಾಣಿ, ನಿಪ್ಪಾಣಿ! ಹತ್ರಿ ಆಯಿ," ಎಂದ ಕಂಡಕ್ಟರ್.

"ನೀವ ಇಳೀರಿ!" ತುಳಸವ್ವ ಸೌಟು ಬೀಸಿದಳು. "ಪಲ್ಯಾ ಹೊತ್ತಿದ್ರ ನಿಮ್ಮಪ್ಪ ತಿರುವ್ತಾನೇನ?"

ಬಸ್ಸಿಗೆ ಬಸ್ಸೇ ಇಳಿದು, ಕಬ್ಬು ಕಡಿಯುವವರ ಪಂಕ್ತಿಯಲ್ಲಿ ಊಟಕ್ಕೆ ಕೂತಿತು.

"ನಿಪ್ಪಾಣಿ ಬಿಟ್ಟರ ಇನ್ನ ಎಲ್ಲಿ ಇರ್ತೀ ಬೇ?" ಎಂದು ತುಳಸವ್ವನನ್ನು ಕೇಳಿದೆ.

"ನಿನ್ನ ಮನ್ಯಾಗ," ಎಂದಳು. "ಮೊದಲ ರೊಟ್ಟಿ ಬಡಸ."