ಮುನಿಕೃಷ್ಣಪ್ಪನ ಸಲೂನಿನ ಟೀವಿ

ನಾನು ಒಂದು ಟೀವಿ. ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಹುಟ್ಟಿದೆ. ಕೈಗವಸು ತೊಟ್ಟ ಹೆಂಗಸೊಬ್ಬಳು ನನ್ನ ಬೆನ್ನಿಗೆ ಕೊನೆಯ ತಿರುಪು ಬಿಗಿದು ಗುಂಡಿ ಒತ್ತಿದಳು. ನನ್ನ ಮೈಯೆಲ್ಲ ನೀಲಿಯಾಯಿತು. ಅಷ್ಟು ಶುದ್ಧವಾಗಿ ನಾನು ಮತ್ತೆಂದೂ ಬೆಳಗಲಿಲ್ಲ.

ನನ್ನನ್ನು ಮೊದಲು ಕೊಂಡವರು ಹೊಸಕೋಟೆಯ ಗಂಗಾಧರಯ್ಯ ಮೇಷ್ಟ್ರು. ಆರು ವರ್ಷ ಅವರ ನಡುಮನೆಯಲ್ಲಿದ್ದೆ. ಅಳಿಯ ದೊಡ್ಡ ಟೀವಿ ತಂದಾಗ ಮೇಷ್ಟ್ರು ನನ್ನನ್ನು ಎದುರಿನ ಸಲೂನಿನ ಮುನಿಕೃಷ್ಣಪ್ಪನಿಗೆ ಕೊಟ್ಟುಬಿಟ್ಟರು. ಅವನು ನನ್ನನ್ನು ಕುರ್ಚಿಗಳ ಹಿಂದಿನ ಗೋಡೆಗೆ ತೂಗುಹಾಕಿದ. ಗಿರಾಕಿಗಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದರು.

ಆ ಅಂಗಡಿಯಲ್ಲಿ ಕೆಲಸಕ್ಕಿದ್ದವನು ನಿತಾಯಿ ಶೀಲ್. ಪಶ್ಚಿಮ ಬಂಗಾಳದಲ್ಲಿ, ಬಾಂಗ್ಲಾದೇಶದ ಗಡಿಗೆ ಅಂಟಿದ ಕೂಚ್ ಬಿಹಾರದವನು, ತಾತನ ಕಾಲದಿಂದ ಕ್ಷೌರದ ಮನೆತನ. ಅವನು ಕನ್ನಡ ಕಲಿತದ್ದು ನನ್ನಿಂದ, ಅದೂ ಧಾರಾವಾಹಿಗಳಿಂದ. ಹಾಗಾಗಿ ಗಿರಾಕಿಗೆ ತಲೆ ಬಗ್ಗಿಸಲು ಹೇಳುವಾಗಲೂ "ನಿಮ್ಮ ಕಾಲಿಗೆ ಬೀಳ್ತೀನಿ, ಸ್ವಲ್ಪ ಬಗ್ಗಿ" ಎನ್ನುತ್ತಿದ್ದ. ಅಂಗಡಿಯೆಲ್ಲ ನಗುತ್ತಿತ್ತು.

ಮೇಷ್ಟ್ರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ನಿತಾಯಿ ಮೂರು ತಿಂಗಳು ಅವರ ಮನೆಗೇ ಹೋಗಿ ಗಡ್ಡ ಹೆರೆದ, ಮೈ ಒರೆಸಿದ. ಮೇಷ್ಟ್ರು ಮಲಗಿದಲ್ಲಿಂದಲೇ ಅವನಿಗೆ ಕನ್ನಡ ಅಕ್ಷರ ಕಲಿಸಿದರು. ಆಮೇಲೆ ನನ್ನ ಕೆಳಗೆ ಓಡುವ ಸಾಲುಗಳನ್ನು ಅವನು ಜೋರಾಗಿ ಓದತೊಡಗಿದ. ನನಗೂ ಖುಷಿಯಾಗುತ್ತಿತ್ತು.

ಆ ವರ್ಷ ಚುನಾವಣೆ ಬಂತು. ಧಾರಾವಾಹಿ ಹೋಗಿ ನನ್ನ ತುಂಬ ಚರ್ಚೆಗಳು ಬಂದವು. ಎಂಟು ಚೌಕದಲ್ಲಿ ಎಂಟು ಮುಖ. ಬಾಂಗ್ಲಾದೇಶದ ನುಸುಳುಕೋರರು ಲಕ್ಷ ಲಕ್ಷ ಇದ್ದಾರೆ ಎಂದು ಒಬ್ಬ ಕೂಗಿದರೆ, ನಿಮಗಿಂತ ಹೆಚ್ಚು ಜನರನ್ನು ಓಡಿಸಿದ್ದು ನಾವೇ ಎಂದು ಇನ್ನೊಬ್ಬ ಕೂಗುತ್ತಿದ್ದ. ಭಾಷೆ ಕೇಳಿ ತೀರ್ಮಾನಿಸಬೇಡಿ, ದಾಖಲೆ ನೋಡಿ ಎಂದ ಹೆಂಗಸಿನ ದನಿಯನ್ನು ನಡುವೆಯೇ ತಗ್ಗಿಸಿದರು. "ಅವರು ನಿಮ್ಮ ಬೀದಿಯಲ್ಲೇ ಇದ್ದಾರೆ. ನಿಮ್ಮ ಮನೆಯೊಳಗೇ ಬರುತ್ತಾರೆ!" ಎಂದು ಚರ್ಚೆ ನಡೆಸುವವನು ಮೇಜು ಗುದ್ದಿದ. ಆ ದನಿ ಹೊರಟದ್ದು ನನ್ನ ಗಂಟಲಿನಿಂದ.

ನಿತಾಯಿ ಆಗ ಮೇಷ್ಟ್ರ ಕುತ್ತಿಗೆಯ ಮೇಲೆ ಬ್ಲೇಡು ಆಡಿಸುತ್ತಿದ್ದ. ಮೇಷ್ಟ್ರು "ಸಾಕು ಬಿಡಪ್ಪ" ಎಂದು ನೊರೆ ತಾವೇ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ಎದ್ದು ಹೋದರು.

"ಅಣ್ಣಾ, ಚಾನೆಲ್ ಬೇರೆ ಹಾಕ್ಲಾ?" ಎಂದ ನಿತಾಯಿ.

"ಬೇಡ ಕಣೋ. ಜನ ಇದನ್ನೇ ಕೇಳ್ತಾರೆ" ಎಂದ ಮುನಿಕೃಷ್ಣಪ್ಪ.

ವಾರದೊಳಗೆ ನಿತಾಯಿಯ ಕುರ್ಚಿಗೆ ಕೂರುವವರೇ ಇಲ್ಲದಾದರು. ಅವನು ಊರಿಗೆ ಫೋನು ಮಾಡಿ ಬಂಗಾಳಿಯಲ್ಲಿ ಮಾತಾಡಿದರೆ ಹೊರಗೆ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ, ಚುನಾವಣೆಯ ಟಿಕೆಟಿಗಾಗಿ ಓಡಾಡುತ್ತಿದ್ದ ಟೈಲ್ಸ್ ಅಂಗಡಿಯ ಪಿಳ್ಳಪ್ಪ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಬಂದ. ಕೈಯಲ್ಲಿ ಮನವಿ ಪತ್ರ. ನುಸುಳುಕೋರರಿಂದ ಊರನ್ನು ಕಾಪಾಡಿ ಎಂದು ಮುದ್ದಾದ ಅಕ್ಷರದಲ್ಲಿ ಬರೆದಿತ್ತು. ಆ ಅಕ್ಷರ ಯಾರದೆಂದು ನಿತಾಯಿಗೆ ಗೊತ್ತಾಯಿತು. ಅದನ್ನು ನೋಡಿಯೇ ಅವನು ಅಕ್ಷರ ತಿದ್ದಿ ಕಲಿತಿದ್ದ. ಮೇಷ್ಟ್ರು ಬಾಗಿಲಲ್ಲಿ ಕೋಲೂರಿ ನಿಂತಿದ್ದರು.

ನಿತಾಯಿ ಪೆಟ್ಟಿಗೆ ತೆರೆದು ಮತದಾರರ ಗುರುತಿನ ಚೀಟಿ ಕೊಟ್ಟ. ತಾತನ ಜಮೀನಿನ ಪತ್ರ ಕೊಟ್ಟ.

"ಇದು ಬಾಂಗ್ಲಾ ಅಕ್ಷರ ತಾನೆ?" ಪಿಳ್ಳಪ್ಪ ಎಲ್ಲರಿಗೂ ಎತ್ತಿ ತೋರಿಸಿದ. "ಇವ್ನೇ ಸಾಕ್ಷಿ ಕೊಟ್ಬಿಟ್ಟ ನೋಡ್ರಪ್ಪ!"

"ನಮ್ಮ ರಾಜ್ಯದ ಅಕ್ಷರ ಸಾರ್ ಅದು. ನನ್ನ ಹೆಸರು ನೋಡಿ ಸಾರ್."

"ಹೆಸ್ರು ಯಾರ್ ಬೇಕಾದ್ರೂ ಇಟ್ಕೋಬೋದು."

ನಿತಾಯಿ ಬಾಗಿಲ ಕಡೆ ತಿರುಗಿದ. "ಮೇಷ್ಟ್ರೇ, ನೀವು ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಈ ಸಲ ಯಾರೂ ನಗಲಿಲ್ಲ.

"ಅಕ್ಷರ ಕಲಿಸ್ದೆ, ಅಷ್ಟೇ. ಎಲ್ಲಿಂದ ಬಂದ ಅಂತ ನಾನೇನು ಕಂಡಿದ್ನಾ?" ಎಂದು ಮೇಷ್ಟ್ರು ರಸ್ತೆಯ ಕಡೆ ನೋಡಿದರು.

ಅವನನ್ನು ಅವನದೇ ಕುರ್ಚಿಯಲ್ಲಿ ಕೂರಿಸಿದರು. ಇಬ್ಬರು ತೋಳು ಹಿಡಿದರು. ಪಿಳ್ಳಪ್ಪ ಕೂದಲಿನ ಮಿಷನ್ ತೆಗೆದು ಮುನಿಕೃಷ್ಣಪ್ಪನ ಕೈಗಿಟ್ಟ. "ನೀನೇ ಬೋಳಿಸು. ಅರ್ಧ ಸಾಕು. ಇಲ್ಲಾಂದ್ರೆ ನೀನೂ ಅವ್ನ ಜೊತೆಗಾರ ಅಂತ ಬರ್ಕೋತೀವಿ."

ಮುನಿಕೃಷ್ಣಪ್ಪ ಅರ್ಧ ತಲೆಯನ್ನು ನೇರವಾಗಿ ಬೋಳಿಸಿದ. ನಿತಾಯಿ ಅಲುಗಾಡಲಿಲ್ಲ. ಬೊಬ್ಬೆಯ ನಡುವೆ ಒಮ್ಮೆ ಮಾತ್ರ, "ಅಣ್ಣಾ, ಕಿವಿ ಹತ್ರ ನಿಧಾನ" ಎಂದ. ಸುತ್ತ ನಿಂತವರು ಮೊಬೈಲು ಎತ್ತಿ ಹಿಡಿದಿದ್ದರು. ಆಮೇಲೆ ಪೊಲೀಸರು ಬಂದು ಅವನನ್ನು ಜೀಪಿಗೆ ಹತ್ತಿಸಿದರು.

ಆ ದೃಶ್ಯ ಸಂಜೆಯೇ ನನ್ನಲ್ಲಿ ಬಂತು. ಅರ್ಧ ಬೋಳುತಲೆಯ ಸುತ್ತ ಕೆಂಪು ವೃತ್ತ, ಕೆಳಗೆ 'ಸಿಕ್ಕಿಬಿದ್ದ ನುಸುಳುಕೋರ'. ಗಿರಾಕಿಗಳು ಕನ್ನಡಿಯಲ್ಲಿ ಕಂಡ ಆ ಗುಂಪಿನಲ್ಲಿ ತಮ್ಮ ತಮ್ಮ ಮುಖ ಗುರುತಿಸಿಕೊಂಡು ಹಿಗ್ಗಿದರು. ಕಣ್ಣು ಮುಚ್ಚಿಕೊಳ್ಳಲು ನನಗೆ ರೆಪ್ಪೆಯಿಲ್ಲ. ಮೂರು ದಿನ ಅದನ್ನೇ ತೋರಿಸಿದೆ.

ಎರಡು ತಿಂಗಳ ನಂತರ ನಿತಾಯಿ ಬಂದ. ಕೂದಲು ಏರುಪೇರಾಗಿ ಬೆಳೆದಿತ್ತು. "ಕೂಚ್ ಬಿಹಾರದ ಪೊಲೀಸರಿಂದ ಉತ್ತರ ಬಂತು ಅಣ್ಣಾ. ಕಾಗದ ಎಲ್ಲಾ ಸರಿ ಇದೆ ಅಂತ ಬಿಟ್ರು" ಎಂದ. ಮುನಿಕೃಷ್ಣಪ್ಪ ಗಿರಾಕಿಯ ತಲೆಯಿಂದ ಕಣ್ಣೆತ್ತಲಿಲ್ಲ. "ಒಳ್ಳೇದಾಯ್ತು. ಆದ್ರೆ ಜನ ಒಪ್ಪಬೇಕಲ್ಲಪ್ಪ. ಟೀವೀಲಿ ಬಂದ್ಬಿಟ್ಟಿದೆ."

ನಿತಾಯಿ ತನ್ನ ಕತ್ತರಿ ಪೆಟ್ಟಿಗೆ ಎತ್ತಿಕೊಂಡ. ಹೊರಡುವ ಮುನ್ನ ನನ್ನನ್ನೇ ನೋಡುತ್ತ ನಿಂತ. ಕೆಳಗೆ ಸಾಲುಗಳು ಓಡುತ್ತಿದ್ದವು. ಈ ಸಲ ಅವನು ಓದಲಿಲ್ಲ. ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ.

ವರ್ಷದಲ್ಲಿ ನನ್ನ ಮೈಮೇಲೆ ಗೆರೆಗಳು ಬಿದ್ದವು. ಈಗ ಗುಜರಿಯಲ್ಲಿ, ತುಕ್ಕು ಹಿಡಿದ ಫ್ಯಾನುಗಳ ನಡುವೆ ಬಿದ್ದಿದ್ದೇನೆ. ಎಷ್ಟೋ ಸಾವಿರ ಸುದ್ದಿ ಹೇಳಿದ ಬಾಯಿ ಇದು. ಅವನನ್ನು ಹಿಡಿದದ್ದನ್ನು ಮೂರು ದಿನ ಕೂಗಿ ಹೇಳಿದೆ. ಬಿಟ್ಟದ್ದನ್ನು ಹೇಳಲು ಒಂದು ಸಾಲನ್ನೂ ನನಗೆ ಯಾರೂ ಕೊಡಲಿಲ್ಲ.