ಅಮ್ಮನ ಹಸಿರು ಕಾರ್ಡು

ರೋಗ ಹರಡುತ್ತಿದೆಯೆಂದು ಬಾಗಿಲು ಹಾಕುವ ಮುಂಚೆ ತಂಗಿಯ ಶಾಲೆಯವರು ಮನೆಮನೆಗೆ ಒಂದೊಂದು ಲಕೋಟೆ ಕಳಿಸಿದ್ದರು. ಒಳಗೆ ಹಸಿರು, ಹಳದಿ, ಕೆಂಪು ಕಾರ್ಡುಗಳು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಜೊತೆ. ಹಸಿರು ಎಂದರೆ ಚೆನ್ನಾಗಿದ್ದೇನೆ. ಹಳದಿ ಎಂದರೆ ಸ್ವಲ್ಪ ಕಷ್ಟವಾಗುತ್ತಿದೆ. ಕೆಂಪು ಎಂದರೆ ಸಾಕಾಗಿದೆ, ಹತ್ತು ನಿಮಿಷ ಯಾರೂ ಮಾತಾಡಿಸಬೇಡಿ. ಕೆಂಪನ್ನು ಒಬ್ಬರು ದಿನಕ್ಕೆ ಒಂದು ಸಲ ಮಾತ್ರ ತೋರಿಸಬಹುದು. ಪ್ರತಿ ಕಾರ್ಡಿನ ಬೆನ್ನಿಗೂ ಶಾಲೆಯ ಮೊಹರು.

ತಂಗಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಬಾಯಲ್ಲಿ ಹೇಳಲಾಗದ್ದನ್ನು ಅವಳು ಕಾರ್ಡಿನಲ್ಲಿ ಹೇಳಲಿ, ಮನೆಯವರೂ ಬಳಸಿದರೆ ಅವಳಿಗೆ ಧೈರ್ಯ ಬರುತ್ತದೆ ಎಂದಿದ್ದರು ಟೀಚರ್. ನಾವು ಅವುಗಳನ್ನು ಎಂಥೆಂಥದಕ್ಕೆ ಬಳಸಿಕೊಂಡೆವೆಂದು ಆ ಪುಣ್ಯಾತ್ಗಿತ್ತಿ ಕನಸಿನಲ್ಲೂ ಊಹಿಸಿರಲಾರರು.

ಅಪ್ಪ ದರ್ಜಿ. ಅಂಗಡಿ ಮುಚ್ಚಿದ ದಿನವೇ ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಮನೆಗೆ ಹೊರಿಸಿಕೊಂಡು ಬಂದರು. ಅರ್ಧ ಹಾಲ್ ಮೇಜಿನದಾಯಿತು. ಮೇಜಿನ ಕೆಳಗಿನ ಜಾಗಕ್ಕೆ ತಂಗಿ ಹಳೆಯ ಪರದೆ ಕಟ್ಟಿಸಿಕೊಂಡು, ಒಂದು ದಿಂಬು ಇಟ್ಟು, ಟೆಂಟ್ ಎಂದು ಹೆಸರಿಟ್ಟಳು. ಕೆಂಪು ತೋರಿಸಿದವರು ಟೆಂಟಿಗೆ ಹೋಗಬೇಕು. ಹತ್ತು ನಿಮಿಷಕ್ಕೆ ಅಲಾರಾಂ ಗಡಿಯಾರದ ಗಂಟೆ ಬಾರಿಸುವ ಅಧಿಕಾರ ಅವಳದು. ಕಾನೂನು ಪಾಲನೆಯಲ್ಲಿ ಅವಳ ಕಟ್ಟುನಿಟ್ಟು ನೋಡಿ ಅಪ್ಪ ಅವಳನ್ನು ‘ಇನ್‌ಸ್ಪೆಕ್ಟರ್’ ಎಂದು ಕರೆಯತೊಡಗಿದರು.

ಯಾರೂ ಮಾತಾಡಿಸಬಾರದೆಂಬ ಕಾನೂನು ನನಗಂತೂ ಹೇಳಿ ಮಾಡಿಸಿದಂತಿತ್ತು. ಡಿಗ್ರಿ ಮುಗಿಸಿ, ಕೆಲಸವಿಲ್ಲದೆ, ಫೋನ್ ರಿಂಗಾದರೆ ಇನ್ನೊಂದು ಕೋಣೆಗೆ ಹೋಗುವ ಹುಡುಗಿ ನಾನು. ಮುಂದೇನು ಮಾಡ್ತೀಯ ಎಂದು ಅತ್ತೆ ವಿಡಿಯೊ ಕರೆ ಮಾಡಿದ ತಕ್ಷಣ ಕೆಂಪು ಎತ್ತಿ, ಡೈರಿ ಹಿಡಿದು ಟೆಂಟಿಗೆ ನುಗ್ಗುತ್ತಿದ್ದೆ. ಅಪ್ಪನ ಕೆಂಪು ಸರಿಯಾಗಿ ಮಧ್ಯಾಹ್ನದ ಪಾತ್ರೆ ತೊಳೆಯುವ ಹೊತ್ತಿಗೆ ಹೊರಬರುತ್ತಿತ್ತು. ಒಂದು ದಿನ ಅದೂ ಸಾಲದೆಂದು, ಕೆಂಪು ಕ್ಯಾನ್‌ವಾಸ್ ತುಂಡನ್ನು ಅದೇ ಅಳತೆಗೆ ಕತ್ತರಿಸಿ ಇನ್ನೊಂದು ಕಾರ್ಡು ತಯಾರಿಸಿದರು. ಇನ್‌ಸ್ಪೆಕ್ಟರ್ ಹಿಂದೆ ಮುಂದೆ ತಿರುಗಿಸಿ ನೋಡಿ, “ಮೊಹರಿಲ್ಲ” ಎಂದು ಕಸದ ಬುಟ್ಟಿಗೆ ಹಾಕಿದಳು. ಮೂವತ್ತು ವರ್ಷ ಕತ್ತರಿ ಹಿಡಿದ ಅಪ್ಪ ತೆಪ್ಪಗೆ ಪಾತ್ರೆ ತೊಳೆದರು.

ಅಮ್ಮ ಮಾತ್ರ ಒಂದು ದಿನವೂ ಕೆಂಪು ತೋರಿಸಲಿಲ್ಲ.

ಬೆಳಗ್ಗೆ ತಂಗಿಗೆ ಶಾಲೆಯ ಬಟ್ಟೆ ತೊಡಿಸಿ, ಇಲ್ಲದ ಶಾಲೆಗೆ ವ್ಯಾನ್ ಯಾಕೆ ಬರಲಿಲ್ಲವೆಂದು ವಿವರಿಸುವುದರಿಂದ ಅಮ್ಮನ ದಿನ ಶುರು. ಆಮೇಲೆ ಅಕ್ಷರ, ಆಮೇಲೆ ಮಣಿ ಪೋಣಿಸುವುದು, ಅಪ್ಪನ ಹೊಲಿಗೆ ಯಂತ್ರ ಗರಗರ ಎಂದಾಗ ತಂಗಿಯ ಕಿವಿ ಮುಚ್ಚುವುದು, ಇದರ ನಡುವೆ ಅಡುಗೆ. ಮೂರನೆಯ ವಾರಕ್ಕೆ ಅಮ್ಮ ಏನೂ ಇಡದ ಒಲೆಯನ್ನು ಹಚ್ಚಿ ಅದನ್ನೇ ನೋಡುತ್ತ ನಿಂತಿದ್ದನ್ನು ಕಂಡೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆಂದೂ ಗೊತ್ತಾಯಿತು. ಇದನ್ನೆಲ್ಲ ಡೈರಿಯಲ್ಲಿ ಬರೆದೆ. ಡೈರಿ ಎದ್ದು ಹೋಗಿ ಅಮ್ಮನ ಹೆಗಲು ಮುಟ್ಟುವುದಿಲ್ಲವಲ್ಲ. ಒಂದು ಸಲ ಹೇಗೋ ಧೈರ್ಯ ಮಾಡಿ, ನೀನೂ ಕಾರ್ಡು ತೋರಿಸಬಾರದೇ ಎಂದೆ. ಅಮ್ಮ ನಕ್ಕಳು.

“ನಾನು ಒಳಗೆ ಹೋಗಿ ಕೂತ್ರೆ ಹೊರಗಡೆ ಯಾರಿರ್ತಾರೆ ಹೇಳು, ನೀವಿಬ್ರಾ?”

ನಾನು ಮತ್ತೆ ಡೈರಿ ತೆಗೆದೆ. ಆದರೆ ಹೀಗೇ ಹೋದರೆ ಒಂದು ದಿನ ಅಮ್ಮ ಕುಸಿಯುತ್ತಾಳೆ, ಅವಳು ಕುಸಿದರೆ ನಮ್ಮಲ್ಲಿ ಯಾರಿಗೂ ಎತ್ತಿ ನಿಲ್ಲಿಸಲು ಬರುವುದಿಲ್ಲ ಎಂಬ ಭಯ ನನ್ನನ್ನು ಬಿಡಲಿಲ್ಲ.

ಶನಿವಾರ ಟೀಚರ್ ಎಂಟು ಕುಟುಂಬಗಳನ್ನು ವಿಡಿಯೊದಲ್ಲಿ ಸೇರಿಸುತ್ತಿದ್ದರು. ಆ ವಾರ ಅಮ್ಮ ಸೊಂಟದ ಮೇಲಕ್ಕೆ ಇಸ್ತ್ರಿಯ ಬಟ್ಟೆ ಹಾಕಿ ಕೂತಳು, ಕೆಳಗೆ ಅಡುಗೆಮನೆಯದೇ. ಒಂದು ಕಿಟಕಿಯಲ್ಲಿ ಒಬ್ಬ ತಂದೆ ದನಿ ಬಂದ್ ಮಾಡಿಕೊಂಡೇ ಕೈ ಬೀಸಿ ಬೀಸಿ ಮಾತಾಡುತ್ತಿದ್ದರು. ಯಾರೂ ಅವರಿಗೆ ಹೇಳುವ ಗೋಜಿಗೆ ಹೋಗಲಿಲ್ಲ. ದೊಡ್ಡವರೆಲ್ಲ ತಮ್ಮ ಕಾರ್ಡು ತೋರಿಸಿ ಎಂದರು ಟೀಚರ್. ಎಂಟು ಕಿಟಕಿಗಳಲ್ಲೂ ಹಸಿರು ಎದ್ದಿತು. ಫೋನಿನ ಪರದೆ ತುಂಬ ತೋಟವಾಯಿತು.

ಇನ್‌ಸ್ಪೆಕ್ಟರ್ ಅಮ್ಮನ ಕೈಯಿಂದ ಹಸಿರು ಕಿತ್ತುಕೊಂಡಳು.

“ಅಮ್ಮ ತಪ್ಪು,” ಎಂದಳು ಕ್ಯಾಮೆರಾಗೆ. “ನಲ್ಲಿ ಬುಧವಾರ ಹನ್ನೆರಡು ನಿಮಿಷ. ಗುರುವಾರ ಹದಿನಾಲ್ಕು. ಶುಕ್ರವಾರ ಹದಿನೇಳು. ಅಮ್ಮ ಸ್ನಾನ ಮಾಡಿಲ್ಲ. ಕೂದಲು ಒಣಗಿತ್ತು.”

ಆಮೇಲೆ ಲಕೋಟೆಯಿಂದ ಕೆಂಪು ತೆಗೆದು ಅಮ್ಮನ ಬೆರಳುಗಳ ನಡುವೆ ಸಿಕ್ಕಿಸಿದಳು.

ಅಯ್ಯೋ ಹಾಗೇನಿಲ್ಲ ಮೇಡಂ ಎಂದು ಅಮ್ಮ ನಗುತ್ತ ಶುರುಮಾಡಿದಳು. ವಾಕ್ಯ ಮುಗಿಯುವಷ್ಟರಲ್ಲಿ ನಗು ಕೈಕೊಟ್ಟಿತು. ಕೆಂಪು ಹಿಡಿದವರಿಗೆ ಮಾತಿಲ್ಲವೆಂದು ತಂಗಿ ಅವಳನ್ನು ಎಬ್ಬಿಸಿ, ತೋಳು ಹಿಡಿದು ಮೇಜಿನ ಕೆಳಗೆ ಬಿಟ್ಟು, ಪರದೆ ಎಳೆದಳು. ಇನ್ನೆರಡು ಕಿಟಕಿಗಳಲ್ಲಿ ಹಸಿರು ಮೆಲ್ಲಗೆ ಇಳಿದು ಹಳದಿ ಬಂತು. ದನಿ ಬಂದಾದವರು ಮಾತಾಡುತ್ತಲೇ ಇದ್ದರು. ಸೋಮವಾರ ಅಮ್ಮನೊಬ್ಬಳ ಜೊತೆಯೇ ಮಾತಾಡುತ್ತೇನೆಂದು ಟೀಚರ್ ಹೇಳಿದರು. ಅಪ್ಪ ಕಲ್ಲಿನಂತೆ ಕೂತಿದ್ದರಿಂದ, ಆಗಲಿ ಎಂದು ನಾನೇ ಹೇಳಬೇಕಾಯಿತು. ಅಷ್ಟು ಜನರೆದುರು ನನ್ನ ದನಿ ಕೇಳಿ ನನಗೇ ಗಾಬರಿಯಾಯಿತು.

ಕರೆ ಮುಗಿಸಿದೆವು. ಎಂಟನೆಯ ನಿಮಿಷಕ್ಕೆ ಟೆಂಟಿನಿಂದ ಗೊರಕೆ ಕೇಳಿಸಿತು.

ಇನ್ನೆರಡು ನಿಮಿಷಕ್ಕೆ ಗಂಟೆ. ಬಾರಿಸಿದರೆ ಅಮ್ಮ ಏಳುತ್ತಾಳೆ, ಎದ್ದರೆ ಇನ್ನೊಂದು ತಿಂಗಳು ಮಲಗುವುದಿಲ್ಲ. ಅಪ್ಪ ಉಪಾಯ ಮಾಡಿದಂತೆ ಮೆಲ್ಲಗೆ ಕೈಚಾಚಿ ಗಡಿಯಾರದ ನಿಮಿಷದ ಮುಳ್ಳನ್ನು ಹಿಂದೆ ತಿರುಗಿಸಿದರು. ಅದಕ್ಕಿಂತ ದೊಡ್ಡ ತಪ್ಪು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ತಂಗಿ ಕಿವಿಗೆ ಕೈಯಿಟ್ಟು ಗುಂಯ್‌ಗುಟ್ಟಲು ಶುರುಮಾಡಿದಳು. ಇದರ ಮುಂದಿನದು ಕಿರುಚಾಟ, ಅದು ಪಕ್ಕದ ಮನೆಯವರಿಗೂ ಗೊತ್ತು.

ನಾನು ಮುಳ್ಳನ್ನು ಮೊದಲಿದ್ದಲ್ಲಿಗೇ ತಂದೆ. ಅವಳು ಉಸಿರೆಳೆಯುವವರೆಗೆ ಕಾದು, ಅವತ್ತು ಇನ್ನೂ ಬಳಸದ ನನ್ನ ಕೆಂಪನ್ನು ಅವಳ ಮುಂದಿಟ್ಟೆ.

“ಇದು ನಂದು. ಇವತ್ತು ಅಮ್ಮಂಗೆ ಕೊಟ್ಟೆ.”

ಇನ್‌ಸ್ಪೆಕ್ಟರ್ ಕಾರ್ಡು ತಿರುಗಿಸಿ ಮೊಹರು ನೋಡಿದಳು. ಕೊಡಬಾರದೆಂಬ ಕಾನೂನು ಎಲ್ಲೂ ಇರಲಿಲ್ಲ. ಅಲಾರಾಂ ಮುಳ್ಳನ್ನು ತಾನೇ ಹತ್ತು ನಿಮಿಷ ಮುಂದಕ್ಕಿಟ್ಟಳು. ನಾನು ಅಪ್ಪನನ್ನು ನೋಡಿದೆ. ಅಪ್ಪ ಪಾತ್ರೆಯ ರಾಶಿಯನ್ನು ನೋಡಿದರು. ಆಮೇಲೆ ಜೇಬಿನಿಂದ ತಮ್ಮದನ್ನೂ ತೆಗೆದುಕೊಟ್ಟರು. ತಂಗಿ ತನ್ನ ಕಾರ್ಡನ್ನು ಬಹಳ ಹೊತ್ತು ನೋಡಿ, “ನಂಗೆ ಬೇಕು” ಎಂದು ಲಂಗದೊಳಗೆ ಸಿಕ್ಕಿಸಿಕೊಂಡಳು. ನ್ಯಾಯವೇ.

ಅಂತೂ ಮೂವತ್ತು ನಿಮಿಷ ದಕ್ಕಿತು. ಆ ಹೊತ್ತಿನಲ್ಲಿ ಅಪ್ಪನೂ ನಾನೂ ಕೈಸನ್ನೆಯಲ್ಲೇ ಜಗಳವಾಡುತ್ತ ಅಡುಗೆ ಮಾಡಿದೆವು. ಅಪ್ಪ ಟೇಪು ಹಿಡಿಯುವುದೊಂದು ಬಾಕಿ, ತರಕಾರಿಯನ್ನು ಅಳತೆ ತಪ್ಪದಂತೆ ಕತ್ತರಿಸಿದರು. ಉಪ್ಪು ನಾನು ಹಾಕಿದೆ, ಅವರೂ ಹಾಕಿದರು.

ಗಂಟೆ ಬಾರಿಸಿದಾಗ ಅಮ್ಮ ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗುರುತಿನೊಂದಿಗೆ ಹೊರಬಂದು, ಯಾಕೆ ಎಬ್ಬಿಸಲಿಲ್ಲವೆಂದು ರೇಗಿದಳು. ತಟ್ಟೆ ಮುಂದಿಟ್ಟೆವು. ಎರಡು ತುತ್ತು ತಿಂದು, ಎರಡು ಲೋಟ ನೀರು ಕುಡಿದಳು.

“ನಂಗೆ ಆಗ್ತಿಲ್ಲ ರೀ,” ಎಂದಳು ಅಪ್ಪನಿಗೆ. ಸಣ್ಣ ದನಿಯಲ್ಲಿ, ಬಟ್ಟೆ ಒಣಗಿಲ್ಲ ಎನ್ನುವ ಹಾಗೆ.

ಅಪ್ಪ ಏನೋ ತಮಾಷೆ ಹುಡುಕಿದರು, ಸಿಗಲಿಲ್ಲ. “ನಾನು ನೋಡ್ಲೇ ಇಲ್ಲ ಕಣೆ,” ಎಂದರು. ಬೆಳಗಿನ ಅಕ್ಷರ ಮತ್ತು ಮಣಿ ಅಪ್ಪನ ಪಾಲಿಗೆ ಬಂದವು, ಮಧ್ಯಾಹ್ನ ನನ್ನ ಪಾಲಿಗೆ. ತಂಗಿ ಗೋಡೆಯ ವೇಳಾಪಟ್ಟಿಯಲ್ಲಿ ಸಂಜೆ ನಾಲ್ಕಕ್ಕೆ ಹೊಸ ಸಾಲು ಬರೆದಳು: ಅಮ್ಮ, ಟೆಂಟ್, ಮೂವತ್ತು ನಿಮಿಷ.

ಮಾರನೆಯ ದಿನ ನಾಲ್ಕಕ್ಕೆ ಅಮ್ಮ, ನನಗೀಗ ನಿದ್ದೆ ಬರುತ್ತಿಲ್ಲ, ಆಮೇಲೆ ನೋಡೋಣ ಎಂದಳು. ಪಟ್ಟಿಯಲ್ಲಿ ಆಮೇಲೆ ಎಂಬ ಗಂಟೆ ಇರಲಿಲ್ಲ. ಇನ್‌ಸ್ಪೆಕ್ಟರ್ ಅವಳನ್ನು ಒಳಗೆ ಬಿಟ್ಟು ಪರದೆ ಎಳೆದು ಕಾವಲು ಕೂತಳು. ನಾಲ್ಕು ನಿಮಿಷಕ್ಕೆ ಮೇಜಿನ ಕೆಳಗಿಂದ ದನಿ ಬಂತು.

“ಒಲೆ ಮೇಲೆ ಹಾಲಿದೆ, ಯಾರಾದ್ರೂ ನೋಡ್ರೋ.”

“ಟೆಂಟಲ್ಲಿ ಮಾತಿಲ್ಲ,” ಎಂದಳು ತಂಗಿ.

ಅಪ್ಪ ಓಡಿದರು. ಅವರು ಮುಟ್ಟುವುದರೊಳಗೆ ಹಾಲು ಒಲೆಯ ಪಾಲಾಗಿತ್ತು, ಪಾತ್ರೆಯೊಂದು ಉರುಳಿತು, ಅಪ್ಪ ಬಟ್ಟೆಯೆಲ್ಲಿ ಎಂದು ಕೇಳಿದರು. ಮನೆ ತುಂಬ ಸೀದ ವಾಸನೆ. ಪರದೆ ಅಲುಗಾಡಿದಂತಾಯಿತು. ನಾನು ಬಗ್ಗಿ ಒಳಗೆ ಇಣುಕಿದೆ. ಅಮ್ಮ ದಿಂಬನ್ನು ಬಾಯಿಗೆ ಒತ್ತಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಅವಳ ಪಾಲಿಗೆ ಇನ್ನೂ ಇಪ್ಪತ್ತೈದು ನಿಮಿಷ ಬಾಕಿಯಿತ್ತು.