ಇಪ್ಪತ್ತನಾಲ್ಕನೆಯ ಮನೆ

ಹದಿನಾರು ಜನ ಒಟ್ಟಿಗೆ ಹುಡುಕಿದರೆ ಕಳೆದುಹೋದದ್ದು ಬೇಗ ಸಿಗುತ್ತದೆ ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಆದರೆ ಚಿತ್ತರಂಜನ ಓದಿದ್ದ, ಸಾಲದ್ದಕ್ಕೆ ಕಾಲೇಜಿನಲ್ಲಿ ಕಲಿಸುತ್ತಲೂ ಇದ್ದ. ೧೯೮೭ರ ಬೇಸಿಗೆ ರಜೆಯಲ್ಲಿ ಅವನು ಲ್ಯಾಬಿನ, ಕೆಂಪು ಅಂಕೆಗಳಲ್ಲಿ ಉತ್ತರ ತೋರಿಸುವ ಹದಿನಾರು ಪುಟ್ಟ ಮೈಕ್ರೊಪ್ರೊಸೆಸರ್ ಕಿಟ್‌ಗಳನ್ನು ಮೇಜಿನ ಮೇಲೆ ಹರಡಿ, ವಯರಿನಿಂದ ಒಂದಕ್ಕೊಂದು ಪೋಣಿಸಿ ಒಂದೇ ಯಂತ್ರ ಮಾಡಿದ್ದ. ಹತ್ತಾರು ಕಡೆ ಸುತ್ತಿ ಬರಲು ಯಾವ ಕ್ರಮ ಒಳ್ಳೆಯದು ಎಂಬಂಥ ಲೆಕ್ಕಗಳಿಗೆಂದೇ ಹುಟ್ಟಿದ ಯಂತ್ರ ಅದು. ದಾರಿಗಳನ್ನು ಹದಿನಾರು ಪಾಲು ಮಾಡಿ ಎಲ್ಲ ಕಿಟ್‌ಗಳೂ ಏಕಕಾಲಕ್ಕೆ ಹುಡುಕುತ್ತವೆ. ಒಂದಕ್ಕೆ ಒಳ್ಳೆಯದು ಸಿಕ್ಕಿದ ಕೂಡಲೇ ಉಳಿದವುಗಳಿಗೆ ಸುದ್ದಿ ಹೋಗಿ, ಅದಕ್ಕಿಂತ ಕೆಟ್ಟದ್ದನ್ನೆಲ್ಲ ಅವು ಅರ್ಧದಲ್ಲೇ ಕೈಬಿಡುತ್ತವೆ. ಯಂತ್ರ ಸಿದ್ಧವಾಗಿತ್ತು. ಅದಕ್ಕೊಂದು ಕೆಲಸ ಮಾತ್ರ ಇರಲಿಲ್ಲ.

ಕೆಲಸ ಫಳ್ನೀರಿನ ಅವನ ಮನೆಗೇ ನಡೆದು ಬಂತು. ಅಕ್ಕ ರತ್ನಾವತಿಯ ಮಗಳು ಶಶಿಪ್ರಭಾಳಿಗೆ ಮದುವೆ ಗೊತ್ತಾಗಿತ್ತು. ಅಕ್ಕ ವಿಧವೆ, ಆಮಂತ್ರಣ ಕೊಡಲು ಸೋದರಮಾವ ಹೆಂಡತಿಯೊಡನೆ ಹೋಗಬೇಕು.

“ಇಪ್ಪತ್ತನಾಲ್ಕು ಮನೆ ಉಂಟು ಚಿತ್ತ. ಎಲ್ಲ ಒಂದೇ ಆದಿತ್ಯವಾರ ಮುಗೀಬೇಕು,” ಎಂದಳು ಅಕ್ಕ. “ಮರುದಿನ ಕೊಟ್ರೆ ಉಳಿದ ಕಾಗದ ತಂದು ಕೊಟ್ರು ಅಂತಾರೆ.”

ಅಕ್ಕ ಹೋದ ಮೇಲೆ ಸುಂದರಿ ಗಂಡನ ಹತ್ತಿರ ಬಂದಳು. ಮದುವೆಯಾದ ಹದಿಮೂರು ವರ್ಷಗಳಲ್ಲಿ ಅವಳು ಏನನ್ನಾದರೂ ಕೇಳಿದ್ದು ಕಡಿಮೆ.

“ಈ ಸಲವಾದ್ರೂ ಉರ್ವಕ್ಕೆ ಹೋಗಿ ಅಮ್ಮನಿಗೆ ಕೈಯಲ್ಲೇ ಕಾಗದ ಕೊಡುವ, ಆಗದಾ? ನಿಮ್ಮ ಕಡೆಯ ಹೋದ ಮದುವೆಗೆ ಪೋಸ್ಟಿನಲ್ಲಿ ಹಾಕಿದ್ರಿ. ಅಮ್ಮ ಒಂದು ಮಾತೂ ಆಡ್ಲಿಲ್ಲ. ಮದುವೆಗೂ ಬರ್ಲಿಲ್ಲ.”

“ಅದೆಂತ ದೊಡ್ಡ ಸಂಗತಿ? ಖಂಡಿತ ಹೋಗುವ,” ಎಂದ ಚಿತ್ತರಂಜನ. ಅವನ ತಲೆಯೊಳಗೆ ಆಗಲೇ ಕಿಟ್‌ಗಳ ಕೆಂಪು ಅಂಕೆಗಳು ಮಿನುಗುತ್ತಿದ್ದವು. ಇಪ್ಪತ್ತನಾಲ್ಕು ಮನೆಗಳನ್ನು ಎಷ್ಟು ಕ್ರಮಗಳಲ್ಲಿ ಸುತ್ತಬಹುದು ಎಂದು ಬರೆದರೆ ಅದು ಇಪ್ಪತ್ತನಾಲ್ಕು ಅಂಕೆಗಳ ಸಂಖ್ಯೆ! ಅಷ್ಟು ದೊಡ್ಡ ಸಂಖ್ಯೆ ತನ್ನ ಮನೆತನದೊಳಗೇ ಇತ್ತೆಂದು ಅವನಿಗೆ ಹೆಮ್ಮೆಯಾಯಿತು.

ಮರುದಿನ ಅಕ್ಕನಿಂದ ನಿಯಮಗಳನ್ನು ಬರೆದುಕೊಂಡ. ಪ್ರತಿ ಮನೆಯಲ್ಲೂ ಕೂತು ಏನಾದರೂ ಕುಡಿಯಬೇಕು, ಅಂದರೆ ಇಪ್ಪತ್ತು ನಿಮಿಷ. ಕಾವೂರಿನ ಸಂಕಪ್ಪ ಮಾವ ಕುಟುಂಬಕ್ಕೆ ಹಿರಿಯ. ಮೊದಲ ಕಾಗದ ಅವರಿಗೇ. ಅವರ ತಮ್ಮ ಮೋಹನದಾಸ ಮಾವನದು ಉರ್ವದಲ್ಲಿ, ಸುಂದರಿಯ ತಾಯಿಯ ಮನೆಯ ಎದುರಿಗೆ. ತನಗಿಂತ ಮೊದಲು ಎದುರುಮನೆಗೆ ಹೋದದ್ದನ್ನು ಅವರು ಕಂಡರೆ, ಕಾಣದಿದ್ದರೂ ಯಾರಾದರೂ ಹೇಳಿದರೆ, ಮದುವೆಯ ಚಪ್ಪರಕ್ಕೆ ಕಾಲಿಡುವವರಲ್ಲ. ಅವರೋ ಹೋಟೆಲಿನಿಂದ ಮನೆಗೆ ಬರುವುದೇ ಸಂಜೆ ಆರೂವರೆಗೆ. ಆರೂಮುಕ್ಕಾಲಿಗೆ ದೀಪ ಹಚ್ಚುತ್ತಾರೆ, ಆಮೇಲೆ ಕಾಗದ ಕೊಡುವಂತಿಲ್ಲ.

ಇಷ್ಟು ಕೇಳಿದರೆ ಯಾರೇ ಆದರೂ ಉರ್ವದ ಕತೆ ಕೆಟ್ಟಿತೆಂದು ಬೆರಳಲ್ಲೇ ಎಣಿಸಿ ಹೇಳಿಯಾರು. ಆದರೆ ಹದಿನಾರು ಕಿಟ್ ಇರುವವನು ಬೆರಳನ್ನು ಯಾಕೆ ನಂಬುತ್ತಾನೆ? ಚಿತ್ತರಂಜನ ಎಲ್ಲವನ್ನೂ ಯಂತ್ರಕ್ಕೆ ತುಂಬಿಸಿದ. ಹದಿನಾರೂ ಕಿಟ್‌ಗಳು ಒಂದೇ ಉತ್ತರ ಕೊಟ್ಟವು: ದಾರಿ ಇಲ್ಲ.

“ಹಾಗಾದ್ರೆ ಯಾರಿಗಾದ್ರೂ ಬೇಜಾರಾಗಲೇಬೇಕು,” ಎಂದಳು ಅಕ್ಕ.

ಅವನ ಕಣ್ಣು ಅರಳಿತು. ಬೇಜಾರಿಗೆ ಅಂಕ ಕೊಟ್ಟರಾಯಿತು, ಒಟ್ಟು ಬೇಜಾರು ಅತಿ ಕಡಿಮೆ ಇರುವ ದಾರಿಯನ್ನು ಯಂತ್ರ ಹುಡುಕುತ್ತದೆ! ಅಕ್ಕ ಯೋಚಿಸಿ ಯೋಚಿಸಿ ಹೇಳುತ್ತ ಒಂದು ಹಾಳೆಯಲ್ಲಿ ಬರೆದಳು. ಸಂಕಪ್ಪ ಮಾವನಿಗೆ ನೂರು. ಮೋಹನದಾಸ ಮಾವನಿಗೆ ತೊಂಬತ್ತು, ಬೇಡ, ತೊಂಬತ್ತೈದು. ಹೀಗೆ ಇಪ್ಪತ್ತಮೂರು ಮನೆ ಮುಗಿಯಿತು.

“ಇಪ್ಪತ್ತನಾಲ್ಕನೇದು ನಿನ್ನ ಹೆಂಡತಿ ಮನೆ. ಅದಕ್ಕೆ ನೀನೇ ಹಾಕು ಮಾರಾಯ.”

ಸುಂದರಿ ನಮ್ಮವಳೇ, ಅರ್ಥ ಮಾಡಿಕೊಳ್ಳುತ್ತಾಳೆ. ಸೊನ್ನೆ ಹಾಕಬಹುದಿತ್ತು, ಆದರೆ ಸೊನ್ನೆ ಹಾಕಿದರೆ ಯಂತ್ರ ಆ ಮನೆಯನ್ನು ಲೆಕ್ಕಕ್ಕೇ ಹಿಡಿಯದು. ಧಾರಾಳ ಮನಸ್ಸಿನಿಂದ ಚಿತ್ತರಂಜನ ಒಂದು ಹಾಕಿದ.

ನಾಲ್ಕೇ ನಿಮಿಷ. ಕಿಟ್‌ಗಳು ಇಪ್ಪತ್ತಮೂರು ಮನೆಗಳ ಕ್ರಮವನ್ನು ತೋರಿಸಿದವು. ಒಟ್ಟು ಬೇಜಾರು, ಒಂದು. ಅಷ್ಟು ಚಂದದ ಉತ್ತರವನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಸುಂದರಿಗೆ ಹೇಳಬೇಕೆಂದುಕೊಂಡ. ಆಮೇಲೆ, ಸಮಯ ನೋಡಿ ಹೇಳಿದರಾಯಿತು ಅಂದುಕೊಂಡ.

ಆದಿತ್ಯವಾರ ಬೆಳಿಗ್ಗೆ ಸ್ಕೂಟರ್ ಹೊರಟಿತು. ಉರ್ವ ದಾಟುವಾಗ ತಾಯಿ ಅಂಗಳ ಗುಡಿಸುತ್ತಿರುವುದು ಸುಂದರಿಗೆ ಕಂಡಿತು. “ಬರುವಾಗ ಅಲ್ವಾ?” ಎಂದು ಹಿಂದಿನ ಸೀಟಿನಿಂದ ಕೇಳಿದಳು. ಇವನು ಹಾರ್ನ್ ಹೊಡೆದ. ಕಾವೂರು, ಕದ್ರಿ, ಬಂದರ್, ಎಲ್ಲ ಕಡೆ ಬೆಲ್ಲ-ನೀರು, ಶರಬತ್ತು, ನಗು. ಒಂದು ನಿಮಿಷವೂ ಹೆಚ್ಚುಕಮ್ಮಿಯಾಗಲಿಲ್ಲ.

ಮೋಹನದಾಸ ಮಾವನ ಮನೆಯಿಂದ ಹೊರಗೆ ಬಂದಾಗ ಏಳು ಗಂಟೆಗೆ ಹತ್ತು ನಿಮಿಷವಿತ್ತು. ಎದುರುಮನೆಯ ತುಳಸಿಕಟ್ಟೆಯಲ್ಲಿ ದೀಪ ಉರಿಯುತ್ತಿತ್ತು. ತಾಯಿ ಒಳ್ಳೆಯ ಸೀರೆ ಉಟ್ಟು ಗೇಟಿನ ಬಳಿ ನಿಂತಿದ್ದರು. ಜಗಲಿಯ ಮೇಲೆ ಮಗಳು-ಅಳಿಯನಿಗೆಂದು ಎರಡು ಕುರ್ಚಿ, ನಡುವೆ ಮುಚ್ಚಿಟ್ಟ ತಟ್ಟೆ.

“ಬೇಗ ಕೊಡಿ, ಕಾಗದ ಎಲ್ಲುಂಟು?” ಎನ್ನುತ್ತ ಸುಂದರಿ ತಾನೇ ಸ್ಕೂಟರಿನ ಡಿಕ್ಕಿಗೆ ಕೈಹಾಕಿದಳು. ಲಕೋಟೆ ಸಿಕ್ಕಿತು. ತಾಯಿಯ ಹೆಸರು, ವಿಳಾಸ, ಮೂಲೆಯಲ್ಲಿ ಅಚ್ಚುಕಟ್ಟಾಗಿ ಅಂಟಿಸಿದ ಅಂಚೆಚೀಟಿ. ಅದರ ಜೊತೆಗೇ, ಮೇಲೆ ‘ಬೇಜಾರು’ ಎಂದು ಬರೆದಿದ್ದ ಅಂಕಗಳ ಹಾಳೆಯೂ ಬಂತು. ಇಪ್ಪತ್ತಮೂರು ಸಾಲು ಅಕ್ಕನ ಅಕ್ಷರ. ಕೊನೆಯದು ಗಂಡನದು: ತಾಯಿಯ ಹೆಸರಿನೆದುರು ಒಂದು.

ದಿನವಿಡೀ ಇಪ್ಪತ್ತಮೂರು ಲೋಟ ಕುಡಿದಿದ್ದ ಚಿತ್ತರಂಜನ ಡಿಕ್ಕಿಯ ಮುಚ್ಚಳ ಹಾಕಿದ. “ಅದು ಯಂತ್ರ ಕೊಟ್ಟ ಉತ್ತರ ಸುಂದರಿ. ಬೇರೆ ದಾರಿ ಇರ್ಲಿಲ್ಲ.”

“ಎಷ್ಟು ಹೊತ್ತು ಬೇಕಾಯ್ತು ಅದಕ್ಕೆ?”

“ನಾಲ್ಕು ನಿಮಿಷ. ಒಂದೇ ಕಿಟ್ ಆಗಿದ್ರೆ ಒಂದು ಗಂಟೆ ಮೇಲೆ ಆಗ್ತಿತ್ತು,” ಎಂದ. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಸ್ವಲ್ಪ ಜಂಬವಿತ್ತು, ಪಾಪ.

ಸುಂದರಿ ಹಾಳೆಯನ್ನು ಮಡಚಿ ಅವನ ಅಂಗಿಯ ಜೇಬಿಗೆ ಹಾಕಿದಳು.

“ಹದಿನಾರು ಯಾಕೆ ಬೇಕಿತ್ತು ಮಾರಾಯ್ರೆ? ಈ ಉತ್ತರಕ್ಕೆ ನೀವೊಬ್ರೇ ಸಾಕಿತ್ತು.”

ಅವಳು ರಸ್ತೆ ದಾಟಿದಳು. ತಾಯಿ ಮಗಳ ಕೈಯಲ್ಲಿದ್ದ ಲಕೋಟೆಯನ್ನೂ ಅದರ ಮೇಲಿನ ಅಂಚೆಚೀಟಿಯನ್ನೂ ನೋಡಿದರು. ಇಬ್ಬರೂ ಒಳಗೆ ಹೋದರು, ಹೋಗುವಾಗ ಜಗಲಿಯಲ್ಲಿ ಅಳಿಯನಿಗೆಂದು ಇಟ್ಟಿದ್ದ ಕುರ್ಚಿಯನ್ನು ಸುಂದರಿ ಎತ್ತಿಕೊಂಡು ಹೋದಳು.